ಮೌಸಿನ ಕೆಂಪು ದೀಪ

“ಇನ್ನೊಂದ್ಸಲ ಕಿತ್ತು ಹಾಕು,” ಎಂದಳು ಅಮ್ಮ.

ಅಚ್ಚು ಮೌಸಿನ ವೈರನ್ನು ಲ್ಯಾಪ್‌ಟಾಪಿನಿಂದ ಕಿತ್ತಳು. ಅದರ ತುದಿಯನ್ನು ಉಫ್ ಎಂದು ಊದಿದಳು. ಮತ್ತೆ ಸಿಕ್ಕಿಸಿದಳು.

ಪರದೆಯ ಮೇಲಿನ ಬಾಣ ಅಲ್ಲಾಡಲಿಲ್ಲ. ಅಮ್ಮ ಬಿಡಿಸುತ್ತಿದ್ದ ಮನೆಯ ನಕ್ಷೆಯಲ್ಲಿ, ಅಡುಗೆಮನೆಯ ಗೋಡೆಗೆ ಒರಗಿಕೊಂಡ ಸೋಮಾರಿಯ ಹಾಗೆ ನಿಂತೇ ಇತ್ತು.

“ಆ ಕಡೆ ತೂತಿಗೆ ಹಾಕಿ ನೋಡು.”

“ಹಾಕಿದೆ.”

“ರೀಸ್ಟಾರ್ಟ್?”

“ಅದೂ ಮಾಡಿದ್ವಲ್ಲಮ್ಮ, ಆಗ್ಲೇ.”

ಅಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಎದ್ದು ಬೇಕರಿಗೆ ಹೋದವಳು ಅವಳು. ಬ್ರೆಡ್ಡನ್ನು ಕವರಿಗೆ ಹಾಕಿ, ಕವರಿನ ಬಾಯಿ ತಿರುಚಿ ಕಟ್ಟುವುದು ಅಲ್ಲಿ ಅವಳ ಕೆಲಸ. ದಿನವಿಡೀ ತಿರುಚಿ ತಿರುಚಿ ಬಲಗೈ ಮಣಿಕಟ್ಟು ನೋಯುತ್ತಿತ್ತು. ಅದಕ್ಕೇ ಮನೆಗೆ ಬಂದ ಕೂಡಲೇ ಅಲ್ಲಿಗೆ ಬ್ಯಾಂಡೇಜ್ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡು ಕೂರುತ್ತಿದ್ದಳು.

“ನೀನೇನಾದ್ರೂ ನಿನ್ನೆ ಗೇಮ್ ಆಡಿದ್ಯಾ ಇದ್ರಲ್ಲಿ?” ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಇಲ್ಲಮ್ಮ! ನಾನು ಮುಟ್ಟೋದೇ ಇಲ್ಲ. ರಾತ್ರಿ ಎತ್ತಿಡೋಕೆ ಮಾತ್ರ ಮುಟ್ತೀನಿ.”

ಅದು ನಿಜ. ಎತ್ತಿಡುವ ಕೆಲಸವೆಲ್ಲ ಅಚ್ಚುವಿನದೇ. ಶಾಲೆಯಲ್ಲಿ ಅವಳ ಹೆಸರು ಬೇರೆ. ಆದರೆ ಎಲ್ಲವೂ ಅಚ್ಚುಕಟ್ಟಾಗಿರಬೇಕು ಎಂದು ಹಟ ಹಿಡಿಯುತ್ತಿದ್ದ ಅವಳನ್ನು ಮನೆಯಲ್ಲಿ ಎಲ್ಲರೂ ಅಚ್ಚು ಎಂದೇ ಕರೆಯುತ್ತಿದ್ದರು. ಅವಳ ಶೂ ಲೇಸಿಗೆ ಯಾವಾಗಲೂ ಎರಡೆರಡು ಗಂಟು. ಬ್ಯಾಗಿನಲ್ಲಿ ಪುಸ್ತಕಗಳು ಎತ್ತರದ ಪ್ರಕಾರ ನಿಂತಿರಬೇಕು. ರಾತ್ರಿ ಅಮ್ಮನ ಕೆಲಸ ಮುಗಿದ ಮೇಲೆ ಮೌಸಿನ ಸುತ್ತ ಅದರ ವೈರನ್ನು ಎಳೆದೆಳೆದು ಸುತ್ತಿ, ತುದಿಯನ್ನು ಒಳಗೆ ತುರುಕಿ, ಡ್ರಾಯರಿನಲ್ಲಿ ಇಡುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ಒಂದು ಸುತ್ತೂ ಸಡಿಲ ಇರಬಾರದು. ಕೆಲಸ ಮಾಡುವಾಗಲೂ ವೈರು ಟೇಬಲ್ ಮೇಲೆ ಹಾವಿನ ಹಾಗೆ ಬಿದ್ದಿರಬಾರದು. ಅದಕ್ಕೆ ಬೇಕಾದಷ್ಟನ್ನೇ ಬಿಟ್ಟು, ಉಳಿದದ್ದನ್ನು ಮೌಸಿನ ಹತ್ತಿರ ಮಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು.

“ಏನಂತೆ ನಿಮ್ಮ ಇಲಿಮರಿ?” ಎಂದ ತಾತ, ಮಂಚದ ಮೇಲಿಂದ.

“ಸ್ಟಾರ್ಟೇ ಆಗ್ತಿಲ್ಲ ತಾತ.”

ತಾತ ಒಂದು ಕಾಲದಲ್ಲಿ ಬಸ್ ಡ್ರೈವರ್. ಈಗ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದ. “ನಮ್ ಬಸ್ಸು ಹಿಂಗ್ ಮಾಡಿದ್ರೆ ಎಲ್ರನ್ನೂ ಇಳಿಸಿ ತಳ್ಳಿಸ್ತಿದ್ದೆ,” ಎಂದ.

“ಮೌಸನ್ನ ಎಲ್ಲಿಗಂತ ತಳ್ಳೋದು ತಾತ?”

“ತಳ್ಬೇಡಮ್ಮ, ಹಂಗಾದ್ರೆ. ಒಂದು ಹಾರ್ನ್ ಹೊಡೆದು ನೋಡು.”

ಬೇರೆ ದಿನವಾಗಿದ್ದರೆ ಅಮ್ಮ ನಗುತ್ತಿದ್ದಳು. ಇವತ್ತು ನಗಲಿಲ್ಲ.

ಅವಳಿಗೆ ನಗು ಎಲ್ಲಿಂದ ಬರಬೇಕು? ಮನೆಯ ನಕ್ಷೆ ಬಿಡಿಸುವುದನ್ನು ಕಲಿಯಲು ಅವಳು ಸಂಜೆ ಕ್ಲಾಸಿಗೆ ಸೇರಿದ್ದಳು. ಒಂದು ವರ್ಷ ಕಲಿತದ್ದರ ಕೊನೆಯ ನಕ್ಷೆ ಇದು. ಇವತ್ತು ಎಂಟು ಗಂಟೆಯೊಳಗೆ ಅಪ್‌ಲೋಡ್ ಮಾಡಬೇಕು. ತಪ್ಪಿದರೆ ಪಾಸಿಲ್ಲ, ಮುಂದಿನ ವರ್ಷ ಮತ್ತೆ ಮೊದಲಿಂದ. ಲ್ಯಾಪ್‌ಟಾಪೋ ಹಳೆಯದು. ಅದರ ಟಚ್‌ಪ್ಯಾಡ್ ಮೇಲೆ ಬೆರಳಿಟ್ಟರೆ ಬಾಣ ಹೆದರಿದ ಜಿರಲೆಯ ಹಾಗೆ ಎತ್ತಲೋ ಓಡುತ್ತದೆ. ಅದರಲ್ಲಿ ಗೆರೆ ಎಳೆದರೆ ಮನೆಯ ಗೋಡೆ ಪಕ್ಕದ ಸೈಟಿಗೆ ಹೋಗಿ ನಿಲ್ಲುತ್ತದೆ. ಹೊಸ ಮೌಸ್ ತರೋಣವೆಂದರೆ ಕಂಪ್ಯೂಟರ್ ಅಂಗಡಿಗೆ ಇವತ್ತು ವಾರದ ರಜೆ. ಅಪ್ಪ ಎರಡನೇ ಶಿಫ್ಟಿನಲ್ಲಿದ್ದ. ಅವನು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

“ಬಿಟ್ಬಿಡ್ತೀನಿ,” ಎಂದಳು ಅಮ್ಮ ಇದ್ದಕ್ಕಿದ್ದಂತೆ. “ಸಾಕಾಯ್ತು. ಈ ಕ್ಲಾಸೂ ಬೇಡ, ಈ ನಕ್ಷೇನೂ ಬೇಡ. ನನಗ್ಯಾಕೆ ಬೇಕಿತ್ತು ಇದೆಲ್ಲ?”

ಆ ಮಾತು ಕೇಳಿ ಅಚ್ಚುವಿನ ಎದೆಯೊಳಗೆ ಏನೋ ಒಂದು ಟಣ್ಣನೆ ಕುಣಿಯಿತು.

ಕ್ಲಾಸು ಬೇಡ ಎಂದರೆ ಸಂಜೆ ಅಮ್ಮ ಮನೆಯಲ್ಲಿರುತ್ತಾಳೆ! ಮೊದಲೆಲ್ಲ ಅಮ್ಮ ಮೆಟ್ಟಿಲ ಮೇಲೆ ಕೂತು ಅವಳ ಶಾಲೆಯ ಸುದ್ದಿಯನ್ನೆಲ್ಲ ಕೇಳುತ್ತಿದ್ದಳು. ಯಾರು ಯಾರ ಜೊತೆ ಟೂ ಬಿಟ್ಟರು, ಯಾರ ಟಿಫಿನ್ ಡಬ್ಬಿ ಯಾರು ಬಚ್ಚಿಟ್ಟರು, ಎಲ್ಲ. ಈಗ ತಾತ ಕೇಳುತ್ತಾನೆ. ಆದರೆ ಸುದ್ದಿ ಅರ್ಧಕ್ಕೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಾನೆ.

ಹೋಗಲಿ ಬಿಡು, ಮೌಸ್ ಕೆಟ್ಟದ್ದೇ ಒಳ್ಳೆಯದಾಯಿತು ಎಂದುಕೊಂಡಳು ಅಚ್ಚು. ಹಾಗೆ ಅಂದುಕೊಂಡದ್ದು ಮುಖದ ಮೇಲೆ ಕಾಣುತ್ತದೇನೋ ಎಂದು ಹೆದರಿ ತಲೆ ತಗ್ಗಿಸಿದಳು.

ಅಮ್ಮ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. ಮುಚ್ಚಲಿಲ್ಲ. ನಕ್ಷೆಯಲ್ಲಿ ಖಾಲಿ ಉಳಿದಿದ್ದ ಜಾಗದ ಮೇಲೆ ಬೆರಳಿಟ್ಟು ಒಂದು ಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಪರದೆಯ ಧೂಳು ಮಾತ್ರ ಅಳಿಸಿತು.

“ತಾರಸಿಯ ಮೆಟ್ಟಿಲೊಂದು ಬಾಕಿ ಇತ್ತು,” ಎಂದಳು, ಯಾರಿಗೂ ಅಲ್ಲ ಎಂಬಂತೆ.

ಅಚ್ಚುವಿನ ಒಳಗೆ ಕುಣಿಯುತ್ತಿದ್ದುದು ನಿಂತುಹೋಯಿತು.

“ಅಮ್ಮ, ನಾನು ಇದನ್ನ ಜೆರಾಕ್ಸ್ ಅಂಗಡೀಲಿ ಹಾಕಿ ನೋಡ್ಕೊಂಡು ಬರ್ತೀನಿ,” ಎಂದಳು. “ಅಲ್ಲಿ ವರ್ಕ್ ಆದ್ರೆ ಮೌಸ್ ಸರಿ ಇದೆ ಅಂತ. ಆಗ್ಲಿಲ್ಲ ಅಂದ್ರೆ ಮೌಸೇ ಕೆಟ್ಟಿದೆ ಅಂತ. ಗೊತ್ತಾಗತ್ತಲ್ವಾ?”

“ಗೊತ್ತಾಗಿ ಏನು ಮಾಡ್ತೀಯೆ?”

ಅದು ಅಚ್ಚುವಿಗೂ ಗೊತ್ತಿರಲಿಲ್ಲ. ಆದರೂ ಚಪ್ಪಲಿ ಮೆಟ್ಟಿದಳು.

ಜೆರಾಕ್ಸ್ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಎಲ್ಲರೂ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ಬಸ್ಸಿನಿಂದ ಇಳಿದವರು ಚೀಲಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ, ಕಾಲೆಳೆಯುತ್ತಾ ನಡೆಯುತ್ತಿದ್ದರು. ನಾಯಿ ಕೂಡ ಬೊಗಳಲು ಬೇಜಾರಾಗಿ ಬಾಲ ಮಾತ್ರ ಅಲ್ಲಾಡಿಸಿತು.

ಅಂಗಡಿಯಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ಜೆರಾಕ್ಸ್ ಅಂಕಲ್ ಮಷೀನಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆಯುತ್ತಾ ಬೆವರು ಒರೆಸಿಕೊಳ್ಳುತ್ತಿದ್ದರು.

“ಅಂಕಲ್, ಒಂದೇ ನಿಮಿಷ. ಈ ಮೌಸ್ ನಿಮ್ ಕಂಪ್ಯೂಟರ್‌ಗೆ ಹಾಕಿ ನೋಡ್ತೀರಾ? ಪ್ಲೀಸ್.”

“ಒಂದೇ ನಿಮಿಷ ಅಂತ ಬಂದೋರೆಲ್ಲ ಸೇರಿನೇ ನನಗೆ ಊಟದ ಹೊತ್ತು ಮೀರೋದು,” ಎಂದು ಗೊಣಗಿದರು ಅಂಕಲ್. ಆದರೂ ಕೈ ಚಾಚಿದರು. “ಯಾರಮ್ಮ ಇದನ್ನ ಹೀಗೆ ಹೆಡೆಮುರಿ ಕಟ್ಟಿರೋದು? ಕಳ್ಳನ್ನ ಹಿಡಿದಂಗೆ!”

ಅಚ್ಚುವಿಗೆ ಸ್ವಲ್ಪ ಅವಮಾನವಾಯಿತು. ಅಷ್ಟು ನೀಟಾಗಿ ಸುತ್ತಿಕೊಂಡು ಬಂದದ್ದು ಅವಳೇ.

ಅಂಕಲ್ ರಬ್ಬರ್ ಬ್ಯಾಂಡ್ ಕಿತ್ತು ಬಿಸಾಡಿದರು. ವೈರನ್ನು ಒಮ್ಮೆ ಜಾಡಿಸಿ ಉದ್ದಕ್ಕೆ ಬಿಟ್ಟು ಸಿಕ್ಕಿಸಿದರು. ಕಂಪ್ಯೂಟರು ‘ಟುಡುಂಗ್’ ಎಂದಿತು. ಮೌಸಿನ ಹೊಟ್ಟೆಯ ಕೆಳಗೆ ಕೆಂಪು ದೀಪ ಹತ್ತಿತು. ಬಾಣ ಪರದೆಯ ತುಂಬ ಸರಸರ ಓಡಾಡಿತು.

“ಇದಕ್ಕೇನು ಬಂದಿದೆ ಧಾಡಿ? ಚೆನ್ನಾಗೇ ಇದೆಯಲ್ಲ. ನಿಮ್ ಲ್ಯಾಪ್‌ಟಾಪೇ ಕೆಟ್ಟಿರ್ಬೇಕು. ಹೂಂ, ನೆಕ್ಸ್ಟ್ ಯಾರು?”

ಅಚ್ಚು ಬಿದ್ದಿದ್ದ ರಬ್ಬರ್ ಬ್ಯಾಂಡನ್ನು ಹುಡುಕಿ ಎತ್ತಿಕೊಂಡಳು. ವೈರನ್ನು ಮತ್ತೆ ಎಳೆದೆಳೆದು ಸುತ್ತಿ, ಬ್ಯಾಂಡ್ ಹಾಕಿ, ಓಡಿದಳು.

“ಅಮ್ಮ! ಮೌಸ್ ಸರಿ ಇದೆ!”

ವೈರಿನ ತುದಿಯನ್ನಷ್ಟೇ ಬಿಡಿಸಿಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅಮ್ಮ ಬಗ್ಗಿ ನೋಡಿದಳು. ತಾತನೂ ಎಣ್ಣೆಕೈಯಲ್ಲೇ ಎದ್ದು ಬಂದ.

ಟುಡುಂಗ್ ಇಲ್ಲ. ದೀಪ ಇಲ್ಲ. ಬಾಣ ಅದೇ ಅಡುಗೆಮನೆಯ ಗೋಡೆಗೆ ಒರಗಿತ್ತು.

“ಹಾಗಾದ್ರೆ ಲ್ಯಾಪ್‌ಟಾಪೇ ಹೋಯ್ತು,” ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡುವಷ್ಟು ಶಕ್ತಿ ಉಳಿದಿದ್ದರಲ್ಲವೇ?

ಅಚ್ಚು ಉಗುರು ಕಚ್ಚುತ್ತಾ ಯೋಚಿಸಿದಳು. ಡ್ರಾಯರಿನಿಂದ ಅಮ್ಮನ ಪೆನ್‌ಡ್ರೈವ್ ತೆಗೆದು ಅದೇ ತೂತಿಗೆ ಹಾಕಿದಳು. ‘ಟುಡುಂಗ್!’ ಪೆನ್‌ಡ್ರೈವಿನ ನೀಲಿ ದೀಪ ಮಿಣುಕಿತು.

“ತೂತು ಸರಿ ಇದೆ ಅಮ್ಮ. ಮೌಸೂ ಸರಿ ಇದೆ. ಎರಡೂ ಸರಿ ಇದೆ. ಆದ್ರೆ ಎರಡೂ ಸೇರಿದ್ರೆ ಸರಿ ಇಲ್ಲ.”

“ನಾನೂ ನಿಮ್ಮಜ್ಜೀನೂ ಹಾಗೇ ಇದ್ವಿ,” ಎಂದ ತಾತ.

“ಮಾವ, ನೀವೊಂದು ಸುಮ್ನಿರಿ,” ಎಂದಳು ಅಮ್ಮ. ಗೋಡೆಯ ಗಡಿಯಾರ ನೋಡಿ ಮುಖ ತಿರುಗಿಸಿಕೊಂಡಳು.

ಅಚ್ಚು ಟೇಬಲ್ ಮೇಲೆ ಗಲ್ಲ ಊರಿ ಮೌಸನ್ನೇ ನೋಡುತ್ತಾ ಕೂತಳು. ಅಂಗಡಿಯಲ್ಲಿ ಇದ್ದದ್ದು ಇದೇ ಮೌಸು. ಅಂಕಲ್ ಮಾಡಿದ್ದೂ ಇಷ್ಟೇ, ತುದಿ ಸಿಕ್ಕಿಸಿದ್ದು. ಇಲ್ಲ, ಇಷ್ಟೇ ಅಲ್ಲ. ಅದಕ್ಕೂ ಮುಂಚೆ ರಬ್ಬರ್ ಬ್ಯಾಂಡ್ ಕಿತ್ತು ಎಸೆದರು. ವೈರನ್ನು ಜಾಡಿಸಿದರು.

ಅವಳು ಪೆನ್‌ಡ್ರೈವ್ ಕಿತ್ತು ಮೌಸನ್ನು ಮತ್ತೆ ಸಿಕ್ಕಿಸಿ, ನಿಧಾನವಾಗಿ ರಬ್ಬರ್ ಬ್ಯಾಂಡ್ ತೆಗೆದಳು. ಮಡಿಕೆ ಮಡಿಕೆಯಾಗಿದ್ದ ವೈರನ್ನು ಬಿಚ್ಚಿದಳು.

ಟುಡುಂಗ್!

“ಹತ್ತಿತು!” ಎಂದು ಕೂಗಿದ ತಾತ. “ಕೆಂಪು ದೀಪ ಹತ್ತಿತು!”

ಅಮ್ಮ ತಟ್ಟನೆ ಮೌಸ್ ಹಿಡಿದಳು. ಬಾಣ ಅಡುಗೆಮನೆ ಬಿಟ್ಟು ಹೊರಟಿತು. ಹಾಲ್ ದಾಟಿತು. ಮೆಟ್ಟಿಲಿನ ಜಾಗದ ಹತ್ತಿರ ಬಂದದ್ದೇ ಮತ್ತೆ ನಿಂತಿತು. ದೀಪ ಆರಿತ್ತು.

ಅಚ್ಚು ವೈರಿನ ಉದ್ದಕ್ಕೂ ಬೆರಳಾಡಿಸಿದಳು. ಎಲ್ಲ ಕಡೆ ಗಟ್ಟಿಯಾಗಿತ್ತು. ಮೌಸಿನಿಂದ ಹೊರಡುವ ಜಾಗದಲ್ಲಿ, ಅದರ ಕುತ್ತಿಗೆಯಲ್ಲಿ, ಮಾತ್ರ ಮೆತ್ತಗೆ. ಕಪ್ಪು ವೈರು ಅಲ್ಲಿ ಬಗ್ಗಿ ಬಗ್ಗಿ ಬೆಳ್ಳಗಾಗಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಮೇಲಕ್ಕೆತ್ತಿದಳು. ದೀಪ ಹತ್ತಿತು. ಬಿಟ್ಟಳು. ಆರಿತು.

“ಒಳಗೆ ಕಡಿದುಹೋಗಿದೆ,” ಎಂದಳು ಅಮ್ಮ, ಮುಟ್ಟಿ ನೋಡಿ. “ದಿನಾ ಇಲ್ಲೇ ಎಳೆದು ಸುತ್ತಿ ಸುತ್ತಿ...”

ಮಾತು ಅಲ್ಲಿಗೇ ನಿಂತಿತು. ದಿನಾ ಸುತ್ತುವವರು ಯಾರು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಚ್ಚುವಿನ ಕಿವಿ ಬಿಸಿಯಾಯಿತು. ಅವಳು ಎಸೆದಿರಲಿಲ್ಲ. ಬೀಳಿಸಿರಲಿಲ್ಲ. ನೀರು ಚೆಲ್ಲಿರಲಿಲ್ಲ. ಮನೆಯ ಎಲ್ಲ ಸಾಮಾನಿಗಿಂತ ಚೆನ್ನಾಗಿ ನೋಡಿಕೊಂಡದ್ದು ಇದನ್ನೇ.

“ನಾನು... ನಾನು ನೀಟಾಗಿರ್ಲಿ ಅಂತ...”

“ಬಿಗಿಯಾಗಿ ಸುತ್ತಿಡು ಅಂತ ಮೊದಲನೇ ದಿನ ಹೇಳಿದ್ದು ನಾನೇ ಕಣೇ,” ಎಂದಳು ಅಮ್ಮ. “ಅಳೋದಕ್ಕೆಲ್ಲ ಈಗ ಟೈಮಿಲ್ಲ. ಟೇಪ್ ಇದೆಯಾ ನೋಡು.”

ಟೇಪ್ ಸುತ್ತಿದರು. ದೀಪ ಆರಿತು. ಟೇಪಿನ ಕೆಳಗೆ ಬೆಂಕಿಕಡ್ಡಿ ಇಟ್ಟು ಸುತ್ತಿದರು. ಹತ್ತಿತು, ಮೌಸ್ ಅಲ್ಲಾಡಿಸಿದ್ದೇ ಆರಿತು. ತಾತ ತನ್ನ ಬಟ್ಟೆ ಒಣಗಿಸುವ ಕ್ಲಿಪ್ ತಂದ. ಅದು ಟಪ್ಪನೆ ಹಾರಿ ಅವನ ಮೂಗಿಗೇ ಬಡಿಯಿತು.

ಅಚ್ಚು ಟೇಪ್ ಬಿಚ್ಚಿ ಎಸೆದಳು. ಅಮ್ಮನ ಪಕ್ಕ ನೆಲದ ಮೇಲೆ ಮಂಡಿಯೂರಿದಳು. ವೈರಿನ ಬೆಳ್ಳಗಾದ ಜಾಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ದೀಪ ಹತ್ತಿತು.

“ನೀನು ಬಿಡಿಸಮ್ಮ. ನಾನು ಹಿಡ್ಕೊಂಡಿರ್ತೀನಿ.”

“ಎಷ್ಟು ಹೊತ್ತು ಹಿಡ್ಕೊಂಡಿರ್ತೀಯೆ?”

“ಬಿಡಿಸಮ್ಮ.”

ಅಮ್ಮ ಬಿಡಿಸಿದಳು. ಮೌಸ್ ಎಡಕ್ಕೆ ಹೋದರೆ ಅಚ್ಚುವಿನ ಕೈಯೂ ಎಡಕ್ಕೆ. ಬಲಕ್ಕೆ ಹೋದರೆ ಬಲಕ್ಕೆ. ಮೊದಮೊದಲು ಇಬ್ಬರ ಕೈಗಳೂ ಡಿಕ್ಕಿ ಹೊಡೆದವು. ಬಾಣ ನಿಂತಿತು, ಹೊರಟಿತು, ಮತ್ತೆ ನಿಂತಿತು.

“ಎಳೀಬೇಡ. ಸಡಿಲವಾಗಿ ಹಿಡ್ಕೋ,” ಎಂದಳು ಅಮ್ಮ.

ಅಚ್ಚು ಸಡಿಲವಾಗಿ ಹಿಡಿದಳು. ಆಶ್ಚರ್ಯ, ಹಾಗೆ ಹಿಡಿದಾಗಲೇ ದೀಪ ಚೆನ್ನಾಗಿ ಉರಿಯಿತು.

ಮೆಟ್ಟಿಲು ಒಂದೊಂದಾಗಿ ಮೂಡತೊಡಗಿತು. ಇಷ್ಟು ಹತ್ತಿರದಿಂದ ಅಮ್ಮ ನಕ್ಷೆ ಬಿಡಿಸುವುದನ್ನು ಅಚ್ಚು ಯಾವತ್ತೂ ನೋಡಿರಲಿಲ್ಲ. ಒಂದು ಗೆರೆ ಎಳೆಯುವ ಮುಂಚೆ ಅಮ್ಮ ಉಸಿರು ಹಿಡಿಯುತ್ತಿದ್ದಳು. ಎಳೆದ ಮೇಲೆ ಬಿಡುತ್ತಿದ್ದಳು. ಅರ್ಧ ಕೂದಲೆಳೆಯಷ್ಟು ಸೊಟ್ಟಗಾದರೂ ಅಳಿಸಿ ಮತ್ತೆ ಎಳೆಯುತ್ತಿದ್ದಳು. ಶೂ ಲೇಸಿನ ಗಂಟು ಸರಿಯಾಗಲಿಲ್ಲವೆಂದು ತಾನು ಬಿಚ್ಚಿ ಕಟ್ಟುತ್ತೇನಲ್ಲ, ಹಾಗೇ, ಎನ್ನಿಸಿತು ಅಚ್ಚುವಿಗೆ.

ಅವಳ ಮಂಡಿ ನೋಯತೊಡಗಿತು. ಬೆರಳು ಜೋಮು ಹಿಡಿಯಿತು. ಕೈ ಬದಲಾಯಿಸಿದರೆ ದೀಪ ಆರುತ್ತದೆಂದು ಬದಲಾಯಿಸಲಿಲ್ಲ. ಬೆರಳ ನೋವು ಮರೆಯಲು ನಕ್ಷೆಯ ಮನೆಯೊಳಗೆ ಸುಮ್ಮನೆ ಓಡಾಡಿದಳು. ಮುಂಬಾಗಿಲಿನಿಂದ ಹಾಲಿಗೆ. ಹಾಲಿನಿಂದ ಅಡುಗೆಮನೆಗೆ. ಅಡುಗೆಮನೆಯಿಂದ ವಾಪಸ್ಸು ಬಂದು, ಮೂಲೆಯ ಚಿಕ್ಕ ಕೋಣೆಗೆ...

“ಅಮ್ಮ.”

“ಹೂಂ.”

“ಈ ರೂಮಿಗೆ ಹೋಗೋದು ಹೇಗೆ?”

“ಯಾವ ರೂಮು?”

“ಆ ಮೂಲೇದು. ಅದಕ್ಕೆ ಬಾಗಿಲೇ ಇಲ್ಲ.”

ಅಮ್ಮ ಮುಂದಕ್ಕೆ ಬಾಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. ಆ ಕೋಣೆಯಲ್ಲಿ ಕಿಟಕಿ ಇತ್ತು. ಮಂಚ ಇತ್ತು. ಗೋಡೆಯಲ್ಲಿ ಕಪಾಟೂ ಇತ್ತು. ಬಾಗಿಲು ಇರಲಿಲ್ಲ.

“ಅಯ್ಯೋ ನನ್ನ ಬುದ್ಧಿಯೇ!” ಎಂದಳು ಅಮ್ಮ.

“ಒಳಗೆ ಮಲಗಿದ್ದೋನ ಗತಿ ಏನಪ್ಪ?” ಎಂದ ತಾತ. “ಹಸಿವಾದ್ರೆ ಕಿಟಕಿ ಹಾರ್ಬೇಕಾ?”

ಅಮ್ಮನಿಗೆ ನಗು ಬಂತು. ಜೋರು ನಗುವಲ್ಲ. ಮೂಗಿನಿಂದ ಹೊರಟ, ಸುಸ್ತಾದ ನಗು. ಆದರೆ ಬಂತು. ನಗುತ್ತಲೇ ಗೋಡೆಯಲ್ಲಿ ಒಂದು ಚೂರು ಅಳಿಸಿ, ಅಲ್ಲಿ ಬಾಗಿಲು ಇಟ್ಟಳು. ಅಚ್ಚು ಉಸಿರು ಬಿಗಿಹಿಡಿದು ವೈರು ಹಿಡಿದಿದ್ದಳು.

ಅಪ್‌ಲೋಡಿನ ಚಕ್ರ ತಿರುಗಿತು, ತಿರುಗಿತು, ಎಂಟು ಗಂಟೆಯ ಅಂಚಿಗೆ ಬಂದು ನಿಂತಿತು. ಪರದೆಯ ಮೇಲೆ ಒಂದು ಹಸಿರು ಗುರುತು ಮೂಡಿತು.

ತಾತ “ಸದ್ಯ” ಎಂದು ಮಂಚಕ್ಕೆ ಹೋಗಿ ಕಾಲು ಚಾಚಿದ. ಅಮ್ಮ ಟೇಬಲ್ ಮೇಲೆ ತೋಳು ಮಡಿಸಿ ತಲೆ ಇಟ್ಟಳು.

“ಅಮ್ಮ, ಇನ್ಮೇಲೆ ಕ್ಲಾಸ್ ಇಲ್ವಾ?” ಎಂದು ಕೇಳಿದಳು ಅಚ್ಚು, ಬೆರಳು ತಿಕ್ಕಿಕೊಳ್ಳುತ್ತಾ.

“ಪಾಸಾದ್ರೆ ಎರಡನೇ ವರ್ಷದ್ದಿದೆ,” ಎಂದಳು ಅಮ್ಮ ತೋಳಿನೊಳಗಿಂದಲೇ. “ಹೋಗ್ಲೋ ಬೇಡ್ವೋ ಗೊತ್ತಿಲ್ಲ. ನೀನೇನಂತೀಯ?”

ಅಚ್ಚು ಪರದೆಯನ್ನು ನೋಡಿದಳು. ಮೂಲೆಯ ಕೋಣೆಗೆ ಹೊಸ ಬಾಗಿಲು ಅರ್ಧ ತೆರೆದುಕೊಂಡಂತೆ ಕಾಣುತ್ತಿತ್ತು.

“ಎರಡನೇ ವರ್ಷದಲ್ಲಿ ಮಹಡಿ ಮನೆ ಬಿಡಿಸ್ತಾರಾ?”

“ಹೂಂ.”

“ಹಾಗಾದ್ರೆ ಬಾಗಿಲು ಎಣಿಸೋಕೆ ನಾನು ಬೇಕಾಗತ್ತೆ,” ಎಂದಳು ಅಚ್ಚು.

ಅಮ್ಮನ ಉಸಿರು ಆಗಲೇ ನಿಧಾನವಾಗುತ್ತಿತ್ತು.

ಅಚ್ಚು ಮೌಸನ್ನು ಎತ್ತಿಕೊಂಡಳು. ಕೈ ತನ್ನಷ್ಟಕ್ಕೆ ತಾನೇ ವೈರನ್ನು ಎಳೆದು ಸುತ್ತತೊಡಗಿತು. ಒಂದು ಸುತ್ತು ಬರುವಷ್ಟರಲ್ಲಿ ನಿಂತಿತು. ಸುತ್ತಿದ್ದನ್ನು ಬಿಚ್ಚಿದಳು. ವೈರನ್ನು ಟೇಬಲ್ ಮೇಲೆ ಹಾಗೇ ಬಿಟ್ಟಳು. ಅದು ಅಡ್ಡಾದಿಡ್ಡಿಯಾಗಿ, ಊಟ ಮಾಡಿ ಉರುಳಿಕೊಂಡ ಬೆಕ್ಕಿನ ಬಾಲದ ಹಾಗೆ ಬಿದ್ದುಕೊಂಡಿತು. ನೋಡಲು ಒಂಚೂರೂ ನೀಟಾಗಿರಲಿಲ್ಲ. ಅವಳಿಗೆ ಕೈ ತುರಿಸಿತು. ಆದರೂ ಮುಟ್ಟಲಿಲ್ಲ.

ವೈರಿನ ಪಕ್ಕದಲ್ಲೇ ಅಮ್ಮನ ಬಲಗೈ ಇತ್ತು. ಮಣಿಕಟ್ಟಿನ ಬ್ಯಾಂಡೇಜ್ ಸುತ್ತಿನ ಮೇಲೆ ಸುತ್ತಾಗಿ ಬಿಗಿದುಕೊಂಡಿತ್ತು. ಅದರ ಅಂಚಿನಲ್ಲಿ ಚರ್ಮ ಬೆಳ್ಳಗಾಗಿತ್ತು.

ಅಚ್ಚು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಪಿನ್ನು ತೆಗೆದು, ಒಂದು ಸುತ್ತು ಬಿಚ್ಚಿದಳು.

“ಬಿಚ್ಬೇಡ ಕಣೇ,” ಎಂದಳು ಅಮ್ಮ ನಿದ್ದೆಗಣ್ಣಿನಲ್ಲಿ. “ಬಿಗಿಯಾಗಿರ್ಲಿ. ನಾಳೆ ಬೆಳಿಗ್ಗೆ ಬೇಕರಿಗೆ ಹೋಗ್ಬೇಕು.”

“ಬಿಚ್ಚಲ್ಲಮ್ಮ. ಸ್ವಲ್ಪ ಸಡಿಲ ಮಾಡ್ತೀನಷ್ಟೇ.”

ಇನ್ನೊಂದು ಸುತ್ತು ಬಿಚ್ಚಿದಳು. ಬಟ್ಟೆಯನ್ನು ಎಳೆಯದೆ, ಮೆತ್ತಗೆ ಮತ್ತೆ ಸುತ್ತಿದಳು.

ಇಷ್ಟು ಹೊತ್ತೂ ಮೌಸ್ ಹಿಡಿದ ಹಾಗೇ ಮಡಿಸಿಕೊಂಡಿದ್ದ ಅಮ್ಮನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.